ಬೆಂಚು ಜಾಸ್ತಿ ಹಾಕಿದ್ರೆ ದೋಸೆ ಬೇಗ ಆಗ್ತದಾ?

ಎಲ್ಲರಿಗೂ ನಮಸ್ಕಾರ. ಭಾನುವಾರ, ಅದೂ ಹಳಿ ದುರಸ್ತಿಗೆ ಲೋಕಲ್ ರೈಲು ಕಮ್ಮಿ ಮಾಡುವ ಮೆಗಾಬ್ಲಾಕ್ ಇರುವ ದಿನ, ಡೊಂಬಿವಲಿ, ಕಲ್ಯಾಣದಿಂದೆಲ್ಲ ಮಾಟುಂಗಾವರೆಗೆ ಬಂದು ಕೂತಿದ್ದೀರಿ. ನಿಮ್ಮ ತಾಳ್ಮೆ ದೊಡ್ಡದು. ನನಗೆ ಕೊಟ್ಟಿರುವ ವಿಷಯ ಎಂ.ಟೆಕ್ ಮಟ್ಟದ ಕಂಪ್ಯೂಟರ್ ನೆಟ್‌ವರ್ಕಿಂಗ್. ವಿಷಯ ಹೇಳಿದ ಕೂಡಲೇ ಓಎಸ್‌ಐನ ಏಳು ಪದರ, ಅಂದರೆ ನೆಟ್‌ವರ್ಕ್ ಕೆಲಸವನ್ನು ಏಳು ಹಂತವಾಗಿ ವಿಂಗಡಿಸುವ ಪಾಠ, ನೆನಪಾಗಿ ಕೆಲವರ ಮುಖ ಸಪ್ಪಗಾಯಿತು, ನೋಡಿದೆ. ಹೆದರಬೇಡಿ, ಆ ಏಳು ಪದರ ಬಿ.ಇ.ಯಲ್ಲೇ ಮುಗಿಯಿತು.

ಇನ್ನೊಂದು ಮಾತು. ಮುಂಬೈಯಲ್ಲಿ ಪ್ಯಾಕೆಟ್ ಬಗ್ಗೆ, ಅಂದರೆ ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿಯ ತುಂಡುಗಳ ಬಗ್ಗೆ, ಯಾರೇ ಮಾತಾಡಿದರೂ ಡಬ್ಬಾವಾಲಾಗಳನ್ನು ಎಳೆದು ತರುತ್ತಾರೆ. ನಾನು ತರುವುದಿಲ್ಲ. ಡಬ್ಬಾ ಕಳೆದುಹೋಗುವುದು ಅಪರೂಪ. ಪ್ಯಾಕೆಟ್ ಕಳೆದುಹೋಗುವುದು ದಿನಾ ನಡೆಯುವ ಕೆಲಸ, ಬೇಕಂತಲೇ ಬಿಸಾಡುವುದೂ ಉಂಟು. ಯಾಕೆ ಬಿಸಾಡಬೇಕು ಅನ್ನುವುದೇ ಇವತ್ತಿನ ಮಾತು.

ಬಿ.ಇ.ಯಲ್ಲಿ ಟಿಸಿಪಿ, ಅಂದರೆ ಪ್ಯಾಕೆಟ್‌ಗಳನ್ನು ಸರಿಯಾಗಿ ಮುಟ್ಟಿಸುವ ನಿಯಮಾವಳಿ, ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಯುತ್ತೀರಿ. ಕಮ್ಮಿಯಿಂದ ಶುರು ಮಾಡಿ ಕಳಿಸುವ ವೇಗ ಏರಿಸುವ ಸ್ಲೋ ಸ್ಟಾರ್ಟ್ ಗ್ರಾಫ್ ಬರೆದರೆ ಹತ್ತು ಮಾರ್ಕ್ಸ್. ಎಂ.ಟೆಕ್‌ನಲ್ಲಿ ನಮ್ಮ ಮೇಷ್ಟ್ರು ಅದೇ ಗ್ರಾಫನ್ನು ಬೋರ್ಡ್ ಮೇಲೆ ಬರೆದು, ಇದು ಹೀಗೇ ಯಾಕಿರಬೇಕು ಅಂತ ಕೇಳಿದರು. ಇಡೀ ಕ್ಲಾಸ್ ತಲೆ ತಗ್ಗಿಸಿತು. ಗ್ರಾಫ್ ಎಲ್ಲರಿಗೂ ಬಾಯಿಪಾಠ, ಕಾರಣ ಯಾರಿಗೂ ಗೊತ್ತಿರಲಿಲ್ಲ.

ಕಾರಣ ಇರುವುದು 1986ರ ಅಕ್ಟೋಬರ್‌ನಲ್ಲಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ಗೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ ದೂರ. ನೀವು ಸ್ಟೇಷನ್‌ನಿಂದ ಇಲ್ಲಿಗೆ ನಡೆದು ಬಂದಿರಲ್ಲ, ಅಷ್ಟೂ ಇಲ್ಲ. ಅಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ಕಡೆ ಒಂದು ದಿನ ಬರೀ 40 ಬಿಟ್ ಹೋಗತೊಡಗಿತು. 40 ಬಿಟ್ ಅಂದರೆ ಸೆಕೆಂಡಿಗೆ ಐದು ಇಂಗ್ಲಿಷ್ ಅಕ್ಷರ! ತಂತಿ ಕಡಿದಿರಲಿಲ್ಲ, ಮಶೀನ್ ಕೆಟ್ಟಿರಲಿಲ್ಲ. ಆಗಿದ್ದು ಇಷ್ಟೇ: ದಾರಿಯಲ್ಲಿ ದಟ್ಟಣೆ ಆಗಿ ಪ್ಯಾಕೆಟ್ ತಡವಾಯಿತು, ಕಳಿಸಿದವನು ಅದು ಕಳೆದೇಹೋಯಿತು ಅಂದುಕೊಂಡು ಮತ್ತೆ ಕಳಿಸಿದ, ಅದೂ ತಡವಾಯಿತು, ಮತ್ತೆ ಕಳಿಸಿದ, ಎಲ್ಲರೂ ಹೀಗೇ ಮಾಡಿದರು, ಕೊನೆಗೆ ನೆಟ್‌ವರ್ಕ್ ತುಂಬಾ ಒಂದೇ ಪ್ಯಾಕೆಟ್‌ನ ನಕಲುಗಳೇ ಓಡಾಡುತ್ತಿದ್ದವು.

ಅದೇ ಲ್ಯಾಬ್‌ನ ವ್ಯಾನ್ ಜೇಕಬ್‌ಸನ್ ಇದರ ಬೆನ್ನು ಹತ್ತಿ 1988ರಲ್ಲಿ ಸಂಶೋಧನಾ ಪ್ರಬಂಧ ಬರೆದರು. ಅದರ ತಿರುಳು ದಾದರ್ ಪ್ಲಾಟ್‌ಫಾರ್ಮ್‌ನಲ್ಲಿ ನಿಂತವರಿಗೆ ಹೇಳಿಕೊಡಬೇಕಾಗಿಲ್ಲ: ಒಳಗಿನವರು ಇಳಿದ ಮೇಲೆ ಹೊರಗಿನವರು ಹತ್ತಿ. ಹಳೇ ಪ್ಯಾಕೆಟ್ ಒಂದು ಹೊರಗೆ ಬಿದ್ದ ಮೇಲೆ ಹೊಸದು ಒಳಗೆ. ಪ್ಯಾಕೆಟ್ ಕಳೆದರೆ ಅದನ್ನು ದಟ್ಟಣೆಯ ಸುದ್ದಿ ಅಂತ ತಿಳಿದು ವೇಗ ಇಳಿಸು. ನೀವು ಬಾಯಿಪಾಠ ಮಾಡಿದ ಗ್ರಾಫ್ ಹುಟ್ಟಿದ್ದು ಇಲ್ಲಿ.

ಮರುವರ್ಷ ಚಿಯು ಮತ್ತು ರಾಜ್ ಜೈನ್ ಅನ್ನುವ ಸಂಶೋಧಕರು ಇನ್ನೊಂದು ತೋರಿಸಿದರು. ವೇಗ ಏರಿಸುವಾಗ ಸ್ವಲ್ಪಸ್ವಲ್ಪ ಕೂಡಿಸುತ್ತಾ ಏರಿಸಿ, ಇಳಿಸುವಾಗ ಅರ್ಧಕ್ಕರ್ಧ ಇಳಿಸಿದರೆ, ಒಂದೇ ದಾರಿಯಲ್ಲಿ ಕಳಿಸುವ ಇಬ್ಬರು ಎಷ್ಟೇ ಹೆಚ್ಚುಕಮ್ಮಿಯಿಂದ ಶುರು ಮಾಡಿದರೂ ಕೊನೆಗೆ ಸಮಪಾಲಿನ ಹತ್ತಿರ ಬರುತ್ತಾರೆ. ಒಂದು ಹಾಳೆ ಮೇಲೆ ಎರಡು ಗೆರೆ ಎಳೆದು ನೀವೇ ಮಾಡಿ ನೋಡಬಹುದು. ಮನೆಗೆ ಹೋಗಿ ಮಾಡಿ, ಇಲ್ಲಿ ಬೇಡ.

ಈಗ ನಮ್ಮ ಮಾವನ ಹೋಟೆಲ್‌ಗೆ ಬನ್ನಿ.

ಮಾವ ಕುಂದಾಪುರದ ಕಡೆಯವರು, ಮುಂಬೈಗೆ ಬಂದು ಸಣ್ಣದೊಂದು ಹೋಟೆಲ್ ಇಟ್ಟಿದ್ದರು. ಒಂದೇ ಕಾವಲಿ, ಒಬ್ಬರೇ ಭಟ್ಟರು. ಒಂದು ಸಲಕ್ಕೆ ಎಂಟು ದೋಸೆ, ನಾಲ್ಕು ನಿಮಿಷ. ಅಂದರೆ ನಿಮಿಷಕ್ಕೆ ಎರಡು. ಭಾನುವಾರ ಹೊರಗೆ ಇಪ್ಪತ್ತು ಜನ ನಿಂತರೆ ಕೊನೆಯವನಿಗೆ ಸುಮಾರು ಹತ್ತು ನಿಮಿಷ. ಯಾರೋ ಬುದ್ಧಿವಂತರು ಹೇಳಿದರು, ಗಿರಾಕಿಗಳು ವಾಪಸ್ ಹೋಗುತ್ತಿದ್ದಾರೆ, ಹೊರಗೆ ಬೆಂಚು ಹಾಕಿಸಿ, ಅರವತ್ತು ಜನ ಕೂರಲಿ. ಮಾವ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೇಳಿದರು, "ಬೆಂಚು ಜಾಸ್ತಿ ಹಾಕಿದ್ರೆ ದೋಸೆ ಬೇಗ ಆಗ್ತದಾ ಮಾರಾಯ?"

ಆಗುವುದಿಲ್ಲ. ಅರವತ್ತು ಜನ ಕೂತರೆ ಕಾಯುವುದು ಅರ್ಧ ಗಂಟೆ ಆಗುತ್ತದೆ, ಅಷ್ಟೇ. ಆದರೆ ರೂಟರ್ ಮಾಡುವವರು ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಮೆಮೊರಿ ಅಗ್ಗವಾಯಿತು, ಪ್ಯಾಕೆಟ್ ಬೀಳಬಾರದು ಅಂತ ಬಫರ್, ಅಂದರೆ ಪ್ಯಾಕೆಟ್‌ಗಳು ಕಾಯುವ ಜಾಗ, ದೊಡ್ಡದು ಮಾಡುತ್ತಾ ಹೋದರು. ಲೆಕ್ಕ ಹಾಕಿ: ಅಪ್‌ಲೋಡ್ 1 ಎಂಬಿಪಿಎಸ್ ಇರುವ ಹಳೇ ಬ್ರಾಡ್‌ಬ್ಯಾಂಡ್, ಮೋಡೆಮ್‌ನಲ್ಲಿ 256 ಕೆಬಿ ಬಫರ್. ತುಂಬಿದರೆ ಖಾಲಿಯಾಗಲು ಎರಡು ಸೆಕೆಂಡು. ಮನೆಯಲ್ಲಿ ಒಬ್ಬರು ಫೋಟೋ ಕಳಿಸಿದರೆ ಇನ್ನೊಬ್ಬರ ವಿಡಿಯೋ ಕಾಲ್ ಸತ್ತೇಹೋಯಿತು. ಮಜಾ ಏನೆಂದರೆ, ಪ್ಯಾಕೆಟ್ ಬಿದ್ದರೆ ತಾನೇ ಟಿಸಿಪಿ ವೇಗ ಇಳಿಸುವುದು? ಬಫರ್ ದೊಡ್ಡದಿದ್ದರೆ ಬೇಗ ಬೀಳುವುದೇ ಇಲ್ಲ, ದಾರಿ ತುಂಬಿದ ಸುದ್ದಿ ಕಳಿಸುವವನಿಗೆ ಬೇಗ ಮುಟ್ಟುವುದೇ ಇಲ್ಲ, ಅವನು ಆರಾಮಾಗಿ ಇನ್ನೂ ತುಂಬುತ್ತಾ ಇರುತ್ತಾನೆ. 2010ರ ಸುಮಾರಿಗೆ ಜಿಮ್ ಗೆಟಿಸ್ ಅನ್ನುವ ಕಂಪ್ಯೂಟರ್ ತಜ್ಞರು ತಮ್ಮ ಮನೆಯ ಇಂಟರ್ನೆಟ್ ಅಳೆಯುತ್ತಾ ಕೂತು ಇದನ್ನು ಕಂಡುಕೊಂಡರು, ಬಫರ್‌ಬ್ಲೋಟ್, ಅಂದರೆ ಬಫರ್ ಊತ, ಅಂತ ಹೆಸರಿಟ್ಟರು.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್‌ಸನ್ ಸೇರಿ ಕೋಡೆಲ್ ಅನ್ನುವ ಉಪಾಯ ತಂದರು. ಸಾಲು ಎಷ್ಟು ಉದ್ದ ಅಂತ ನೋಡಬೇಡ, ಎಷ್ಟು ಹೊತ್ತು ಕಾದರು ಅಂತ ನೋಡು. ಒಳಗೆ ಬರುವ ಪ್ರತಿ ಪ್ಯಾಕೆಟ್‌ಗೂ ಟೈಮ್ ಹಾಕು, ಹೊರಗೆ ಹೋಗುವಾಗ ನೋಡು. ಕಾದದ್ದು 100 ಮಿಲಿಸೆಕೆಂಡ್ ಉದ್ದಕ್ಕೂ 5ಕ್ಕಿಂತ ಕೆಳಗೆ ಇಳಿಯಲೇ ಇಲ್ಲ ಅಂದರೆ ಬಿಸಾಡಲು ಶುರು ಮಾಡು. ನಮ್ಮ ಮಾವ ಗಿರಾಕಿಯ ಚೀಟಿ ಮೇಲೆ ಟೈಮ್ ಬರೆಯುತ್ತಿದ್ದರು, ಥೇಟ್ ಇದೇ. ಒಂದೇ ವ್ಯತ್ಯಾಸ: ಕೋಡೆಲ್ ಬಿಸಾಡುವುದು ಸಾಲಿನ ಕೊನೆಯವನನ್ನಲ್ಲ, ಎಲ್ಲರಿಗಿಂತ ಮುಂದೆ ನಿಂತವನನ್ನು. ಕಳಿಸಿದವನಿಗೆ ಸುದ್ದಿ ಬೇಗ ಮುಟ್ಟಲಿ ಅಂತ. ಹೋಟೆಲ್‌ನಲ್ಲಿ ಅರ್ಧ ಗಂಟೆ ಕಾದು ಮುಂದೆ ಬಂದವನಿಗೆ ನೀವು ಹೋಗಿ ಅಂದರೆ ಏಟು ಬೀಳುತ್ತದೆ, ಅದು ಬೇರೆ ಮಾತು.

ಆದರೂ ಒಂದು ತೊಡಕು ಉಳಿಯಿತು. ಪಕ್ಕದ ಆಫೀಸಿನವನು ನಲವತ್ತು ಪ್ಲೇಟ್ ಇಡ್ಲಿ ಪಾರ್ಸೆಲ್ ಹೇಳಿದ್ದಾನೆ, ಅವನ ಹಿಂದೆ ಬರೀ ಒಂದು ಕಾಫಿಗೆ ಬಂದವನು ನಿಂತಿದ್ದಾನೆ. ಅವನನ್ನು ಯಾಕೆ ಕಾಯಿಸಬೇಕು, ಅಲ್ವಾ? ಪ್ರತಿಯೊಬ್ಬರ ಸಾಲು ಬೇರೆ ಮಾಡಿ, ಸರದಿಯಂತೆ ಒಂದೊಂದು ಕೊಟ್ಟರೆ ಕಾಫಿಯವನು ಬೇಗ ಹೋಗುತ್ತಾನೆ. ಈ ಜಾತಿಯ ಒಂದು ವಿಧಾನ ಎಫ್‌ಕ್ಯೂ-ಪೈ. 2020ರಲ್ಲಿ ಬಂದ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 5.6ನೇ ಆವೃತ್ತಿಯಲ್ಲಿ ಅದು ಸೇರಿತು, ಅದನ್ನು ಬರೆದುಕೊಟ್ಟವರು ನಮ್ಮ ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯವರು. ಊರಿಗೆ ಹೋಗುವಾಗ ಮತ್ಸ್ಯಗಂಧಾ ರೈಲು ಅಲ್ಲೇ ನಿಲ್ಲುತ್ತದೆ, ಇನ್ನು ಮುಂದೆ ಇಳಿಯುವಾಗ ಇದೂ ನೆನಪಿರಲಿ.

ಎಂ.ಟೆಕ್ ಓದು ಅಂದರೆ ಇದೇ ಏನು? ಹೌದು, ಬಹಳಷ್ಟು ಇದೇ. ಪಠ್ಯಪುಸ್ತಕ ಕಮ್ಮಿ, ಪ್ರಬಂಧ ಜಾಸ್ತಿ. ಎಸ್. ಕೇಶವ್ ಅನ್ನುವವರು 2007ರಲ್ಲಿ ಮೂರು ಸುತ್ತಿನ ಓದು ಹೇಳಿಕೊಟ್ಟಿದ್ದಾರೆ. ಮೊದಲ ಸುತ್ತು ಐದು-ಹತ್ತು ನಿಮಿಷ, ಎರಡನೆಯದು ಒಂದು ಗಂಟೆ, ಮೂರನೆಯದರಲ್ಲಿ ಆ ಪ್ರಬಂಧವನ್ನು ನೀವೇ ಬರೆಯುತ್ತಿದ್ದರೆ ಹೇಗೆ ಮಾಡುತ್ತಿದ್ದಿರಿ ಅಂತ ಮತ್ತೆ ಕಟ್ಟಿ ನೋಡುವುದು. ಹೊಸಬರಿಗೆ ಆ ಮೂರನೇ ಸುತ್ತಿಗೆ ನಾಲ್ಕೈದು ಗಂಟೆ ಬೇಕು. ನನಗೆ ಮೊದಲ ಸಲ ಎರಡು ದಿನ ಹಿಡಿಯಿತು.

ಉಳಿದದ್ದು ಅಳೆಯುವುದು, ಅಲ್ಲೇ ನಾನು ಮುಗ್ಗರಿಸಿದ್ದು. ಪ್ರಾಜೆಕ್ಟ್‌ಗೆ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ 20 ಸಾವಿರ, 40 ಸಾವಿರ ಬೈಟ್‌ನ ಪ್ಯಾಕೆಟ್‌ಗಳು. ಈಥರ್ನೆಟ್‌ನಲ್ಲಿ ಮಾಮೂಲಾಗಿ 1500 ದಾಟಬಾರದು. ಕೇಬಲ್ ಬದಲಿಸಿದೆ, ಡ್ರೈವರ್ ಮತ್ತೆ ಹಾಕಿದೆ, ಮೂರು ದಿನ ಹೋಯಿತು. ಕೊನೆಗೆ ಸೀನಿಯರ್ ಒಬ್ಬರು ಚಹಾ ಕುಡಿಯುತ್ತಾ, "ಎಥ್‌ಟೂಲ್‌ನಲ್ಲಿ ಟಿಎಸ್‌ಒ ಆಫ್ ಮಾಡಿದ್ದೀಯಾ?" ಅಂದರು. ಎಥ್‌ಟೂಲ್ ಅಂದರೆ ನೆಟ್‌ವರ್ಕ್ ಕಾರ್ಡ್‌ನ ಸೆಟ್ಟಿಂಗ್ ಬದಲಿಸುವ ಸಾಧನ. ಟಿಎಸ್‌ಒ ಆನ್ ಇದ್ದರೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ದೊಡ್ಡ ಗಂಟನ್ನು ಹಾಗೇ ನೆಟ್‌ವರ್ಕ್ ಕಾರ್ಡ್‌ಗೆ ಕೊಡುತ್ತದೆ, ತುಂಡು ಮಾಡುವುದು ಕಾರ್ಡ್. ನಾನು ನೋಡುತ್ತಿದ್ದದ್ದು ತುಂಡು ಮಾಡುವ ಮೊದಲಿನ ಗಂಟನ್ನು. ಅಳತೆಗೋಲನ್ನು ಎಲ್ಲಿ ಇಟ್ಟಿದ್ದೇನೆ ಅಂತಲೇ ನನಗೆ ಗೊತ್ತಿರಲಿಲ್ಲ.

ಒಂದು ಲೆಕ್ಕ ಕೊಡುತ್ತೇನೆ, ಪುಣೆಯಲ್ಲಿ ನೆಂಟರಿದ್ದವರು ಮಾಡಿ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಪುಣೆ 150 ಕಿ.ಮೀ. ಹೋಗಿಬರಲು ಒಂದೂವರೆ ಮಿಲಿಸೆಕೆಂಡ್ ಸಾಕು. ಪ್ಯಾಕೆಟ್ ಹೋಗಿಬರುವ ಹೊತ್ತು ಅಳೆಯುವ ಪಿಂಗ್ 40 ಮಿಲಿಸೆಕೆಂಡ್ ತೋರಿಸಿದರೆ ಉಳಿದ ಹೊತ್ತು ಎಲ್ಲಿ ಹೋಯಿತು? ವೈಫೈಯಲ್ಲಿ ಕಾಯಿತೋ, ಸಾಲಿನಲ್ಲಿ ನಿಂತಿತೋ, ಇಲ್ಲಾ ಚೆನ್ನೈ ಸುತ್ತಿಕೊಂಡು ಬಂತೋ? ಇದನ್ನು ಹುಡುಕಲು ಖುಷಿ ಅನಿಸಿದರೆ ಈ ಕೋರ್ಸ್ ತಗೊಳ್ಳಿ. ಅನಿಸದಿದ್ದರೆ ಸುಮ್ನೆ ಎರಡು ವರ್ಷ ಯಾಕೆ?

ಮಾತು ಸಾಕು. ನನ್ನ ರೂಟರ್ ತಂದಿದ್ದೇನೆ, ಹಾಲ್‌ನ ಇಂಟರ್ನೆಟ್‌ಗೆ ಸಿಕ್ಕಿಸಿದ್ದೇನೆ. ಪರದೆ ಮೇಲೆ ಪಿಂಗ್ ಓಡುತ್ತಿದೆ, 11 ಮಿಲಿಸೆಕೆಂಡ್. ಎಲ್ಲರೂ ಈ ವೈಫೈಗೆ ಸೇರಿಕೊಂಡು ಮೊಬೈಲ್‌ನ ದೊಡ್ಡ ವಿಡಿಯೋ ಒಂದನ್ನು ಅಪ್‌ಲೋಡ್ ಮಾಡಿ. ಹಾಕಿದಿರಾ? ನೋಡಿ, 60. 240. 700. ಹಿಂದಿನ ಸಾಲಿನವರು ಯಾರೋ ಇಡೀ ಮದುವೆಯನ್ನೇ ಹಾಕಿದ ಹಾಗಿದೆ. ನಿಲ್ಲಿಸಬೇಡಿ. ಈಗ ನಾನು ಅಪ್‌ಲೋಡ್ ಮಿತಿಯನ್ನು 10ರಿಂದ 9 ಎಂಬಿಪಿಎಸ್‌ಗೆ ಇಳಿಸುತ್ತೇನೆ, ಸಾಲು ಹಾಲ್‌ನವರ ಮೋಡೆಮ್‌ನಲ್ಲಿ ನಿಲ್ಲದೆ ನಮ್ಮ ರೂಟರ್‌ನಲ್ಲಿ ನಿಲ್ಲಬೇಕಲ್ಲ, ಅದಕ್ಕೆ. ಕೋಡೆಲ್ ಆನ್. ಹಾಂ, 90. 31. 18. ಪ್ರಶ್ನೆ ಇದ್ದವರು ಕೇಳಿ, ಅಪ್‌ಲೋಡ್ ಮಾತ್ರ ನಿಲ್ಲಿಸಬೇಡಿ.