ಬರದೇ ಹೋದ ಓಟಾನಿ, ಬಂದೇ ಬಿಟ್ಟ ಜರ್ಸಿ

ನಮಸ್ಕಾರ. ಚಿತ್ರ ಸ್ವಲ್ಪ ಓರೆಯಾಗಿದೆ, ಗೊತ್ತು. ಟ್ರೈಪಾಡಿನ ಒಂದು ಕಾಲು ಮುರಿದಿದೆ, ಅದರ ಕೆಳಗೆ ಇಡ್ಲಿ ರವೆ ಪ್ಯಾಕೆಟ್ ಇಟ್ಟಿದ್ದೇನೆ. ಹೊರಗೆ ಹಿಮ. ಬೆಳಗ್ಗೆ ಒಂದು ಸಲ ಗೋರಿದ್ದಾಯಿತು, ಈಗ ಮತ್ತೆ ಅಷ್ಟೇ ಬಿದ್ದಿದೆ, ಇನ್ನು ನಾನಂತೂ ಹೋಗಲ್ಲ.

ಇವತ್ತಿನ ಕೆಲಸ ಟೇಬಲ್ ಮೇಲೆ ಕಾಣುತ್ತಿದೆಯಲ್ಲ, ಅದು. ನೀಲಿ ಜರ್ಸಿ, ನಮ್ಮ ಬೇಸ್‌ಬಾಲ್ ತಂಡ ಟೊರಾಂಟೊ ಬ್ಲೂ ಜೇಸ್‌ನದು. ತಿರುಗಿಸುತ್ತೇನೆ ಇರಿ. ಬೆನ್ನ ಮೇಲೆ ಓಟಾನಿ, 17. ಬೇಸ್‌ಬಾಲ್ ನೋಡುವವರು ಈಗಾಗಲೇ ನಗುತ್ತಿದ್ದೀರಿ. ನೋಡದವರಿಗೆ ಹೇಳುತ್ತೇನೆ: ಜಪಾನಿನ ಆಟಗಾರ ಶೋಹೆ ಓಟಾನಿ ಬ್ಲೂ ಜೇಸ್ ಪರ ಒಂದು ದಿನವೂ ಆಡಿಲ್ಲ. ಹೆಸರಲ್ಲೇ ಓಟ ಇದೆ, ನಮಗೆ ಅರ್ಥವಾಗಬೇಕಿತ್ತು.

ಈ ಜರ್ಸಿಯಿಂದ ಆ ಆರು ಇಂಗ್ಲಿಷ್ ಅಕ್ಷರ ಬಿಚ್ಚಬೇಕು. ಹೊಲಿಗೆ ಬಿಚ್ಚುವ ಈ ಪುಟ್ಟ ಕೊಕ್ಕೆ ಡಾಲರ್ ಅಂಗಡಿಯದು. ಜರ್ಸಿಯನ್ನು ಎರಡು ವರ್ಷ ಬೀರುವಿನಲ್ಲಿ ಮುಚ್ಚಿಟ್ಟಿದ್ದೆ. ಇನ್ನು ಸಾಕು.

ಸರಿ, ಆ ದಿನದ ಕಥೆ. 2023ರ ಡಿಸೆಂಬರ್ 8, ಶುಕ್ರವಾರ. ಓಟಾನಿ ಆಗ ಫ್ರೀ ಏಜೆಂಟ್. ಅಂದರೆ ಮೇಜರ್ ಲೀಗಿನಲ್ಲಿ ಆರು ವರ್ಷದ ಸರ್ವಿಸ್ ಮುಗಿಸಿ, ಒಪ್ಪಂದವೂ ಮುಗಿದು, ಯಾವ ತಂಡಕ್ಕೆ ಬೇಕಾದರೂ ಹೋಗಬಹುದಾದ ಆಟಗಾರ. ಬ್ಯಾಟಿಂಗೂ ಮಾಡ್ತಾರೆ, ಪಿಚಿಂಗೂ ಮಾಡ್ತಾರೆ (ನಮ್ಮ ಬೌಲಿಂಗ್ ಥರ), ಎರಡರಲ್ಲೂ ಪ್ರಪಂಚದಲ್ಲೇ ಮುಂಚೂಣಿ. ಅಂಥವರು ನಮ್ಮೂರಿಗೆ ಬರ್ತಾರಂತೆ ಅನ್ನುವ ಮಾತು ವಾರವಿಡೀ ಓಡಾಡುತ್ತಿತ್ತು. ಶುಕ್ರವಾರ ಲಾಸ್ ಏಂಜಲಿಸ್‌ನ ಡಾಡ್ಜರ್ಸ್ ತಂಡದ ಸುದ್ದಿ ಬರೆಯುವ ಒಬ್ಬರು, ಓಟಾನಿ ಟೊರಾಂಟೊವನ್ನೇ ಆರಿಸಿಕೊಂಡಿದ್ದಾರೆ ಅಂತ ಬರೆದರು. ಆಮೇಲೆ ಮೇಜರ್ ಲೀಗಿನದೇ ಟಿವಿ ಚಾನೆಲ್ ಎಂಎಲ್‌ಬಿ ನೆಟ್‌ವರ್ಕ್‌ನ ಪತ್ರಕರ್ತ ಜಾನ್ ಮೊರೋಸಿ, ಓಟಾನಿ ಇವತ್ತು ಟೊರಾಂಟೊ ಕಡೆ ಹೊರಟಿದ್ದಾರೆ ಅಂದರು. ಯಾರೋ ಫ್ಲೈಟ್ ಟ್ರ್ಯಾಕರ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಟೊರಾಂಟೊಗೆ ಬರುತ್ತಿರುವ ಒಂದು ಖಾಸಗಿ ಜೆಟ್ ಹುಡುಕಿ ತೆಗೆದರು. ಆಗ ನಮ್ಮ ಪಿಚರ್ ಆಗಿದ್ದ ಜಪಾನಿನ ಯುಸೆ ಕಿಕುಚಿ ಸ್ಟೇಡಿಯಂ ಹತ್ತಿರದ ಒಂದು ಸುಶಿ ಹೋಟೆಲನ್ನೇ ಪೂರ್ತಿ ಬುಕ್ ಮಾಡಿದ್ದಾರಂತೆ ಅಂತ ಇನ್ನೊಂದು ಗಾಳಿಮಾತು. ಸುಶಿ, ಜಪಾನ್, ವಿಮಾನ. ಮೂರೂ ಸೇರಿದರೆ ಮುಗಿಯಿತಲ್ವಾ?

ನಮ್ಮ ಮನೆ ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಪಿಯರ್ಸನ್ ಏರ್‌ಪೋರ್ಟ್ ಇರುವುದೂ ಇಲ್ಲೇ. ವಿಮಾನ ನಮ್ಮ ತಲೆ ಮೇಲೇ ಇಳಿಯುತ್ತದೆ, ಈ ವಿಡಿಯೋದಲ್ಲೂ ಕೇಳುತ್ತಿರಬಹುದು. ಅವತ್ತು ನಾನು ಆಫೀಸ್ ಮೀಟಿಂಗ್ ಮ್ಯೂಟ್ ಮಾಡಿ, ಸ್ವೆಟರ್ ಕೂಡ ಹಾಕದೆ ಬಾಲ್ಕನಿಯಲ್ಲಿ ನಿಂತು ಆಕಾಶ ನೋಡುತ್ತಿದ್ದೆ. ಚೌತಿ ಚಂದ್ರನನ್ನು ನೋಡಬಾರದು ಅಂತ ಅಜ್ಜಿ ಹೇಳುತ್ತಿದ್ದರು. ಖಾಸಗಿ ಜೆಟ್ ನೋಡಬಾರದು ಅಂತ ಯಾರೂ ಹೇಳಿರಲಿಲ್ಲ.

ವಿಮಾನ ಇನ್ನೂ ಗಾಳಿಯಲ್ಲಿರುವಾಗಲೇ ನಾನು ಜರ್ಸಿ ಆರ್ಡರ್ ಮಾಡಿಬಿಟ್ಟೆ.

ಒಂದು ನಿಮಿಷ. ಈ ದಾರ ಬರುತ್ತಿಲ್ಲ. ಓ ಅಕ್ಷರ ಗುಂಡಗಿರುವುದರಿಂದ ಎಲ್ಲಿ ಶುರು, ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ.

ಬೆಲೆ ಕೇಳಿ. 230 ಡಾಲರ್. ಅದರ ಮೇಲೆ ಒಂಟಾರಿಯೋದ 13 ಪರ್ಸೆಂಟ್ ತೆರಿಗೆ. ಒಟ್ಟು 259 ಡಾಲರ್ 90 ಸೆಂಟ್. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 16 ಸಾವಿರ ರೂಪಾಯಿ. ಊರಲ್ಲಿ ಆ ದುಡ್ಡಿಗೆ ಒಂದು ಒಳ್ಳೆ ರೇಷ್ಮೆ ಸೀರೆ ಬರುತ್ತದೆ, ಇದನ್ನು ಮನೆಯಲ್ಲಿ ನನಗೆ ಹಲವು ಸಲ ನೆನಪಿಸಲಾಗಿದೆ. ಅಂಗಡಿ ಹೆಸರು ಹೇಳಲ್ಲ. ಆದರೆ ಆರ್ಡರ್ ಪುಟದಲ್ಲಿ ಹೆಸರು, ನಂಬರ್ ಹಾಕುವ ಜಾಗ ದೊಡ್ಡದಾಗಿತ್ತು, ಕಸ್ಟಮ್ ಮಾಡಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವ ಸಾಲು ಇರುವೆ ಗಾತ್ರದಲ್ಲಿತ್ತು. ಇನ್ನೊಂದು ದಡ್ಡತನ ಏನು ಗೊತ್ತಾ? 17 ಅನ್ನುವ ನಂಬರ್ ಬ್ಲೂ ಜೇಸ್‌ನಲ್ಲಿ ಆಗಲೇ ಪಿಚರ್ ಹೊಸೆ ಬೆರಿಯೋಸ್ ಬೆನ್ನ ಮೇಲಿತ್ತು. ಅವರು ಬಿಟ್ಟುಕೊಡ್ತಾರೆ ಬಿಡು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಅವರ ಪರವಾಗಿ, ಅವರನ್ನು ಕೇಳದೆ!

ವಿಮಾನ ಇಳಿಯಿತು. ಇಳಿದವರು ರಾಬರ್ಟ್ ಹರ್ಜಾವೆಕ್, ಶಾರ್ಕ್ ಟ್ಯಾಂಕ್ ಟಿವಿ ಶೋನಲ್ಲಿ ಬರುವ ಕೆನಡಾದ ಉದ್ಯಮಿ, ಮಕ್ಕಳ ಜೊತೆ. ಓಟಾನಿ ಕ್ಯಾಲಿಫೋರ್ನಿಯಾದಲ್ಲಿ ಆರಾಮಾಗಿ ಮನೆಯಲ್ಲೇ ಇದ್ದರು. ಮೊರೋಸಿ ಕ್ಷಮೆ ಕೇಳಿದರು. ಮರುದಿನ ಶನಿವಾರ ಓಟಾನಿ ತಾವೇ ಇನ್‌ಸ್ಟಾಗ್ರಾಂನಲ್ಲಿ ಹಾಕಿದರು, ಡಾಡ್ಜರ್ಸ್ ಅಂತ. 10 ವರ್ಷ, 700 ಮಿಲಿಯನ್ ಡಾಲರ್. ಅದರಲ್ಲಿ 680 ಮಿಲಿಯನ್ ಒಪ್ಪಂದ ಮುಗಿದ ಮೇಲೆ, 2034ರಿಂದ ಶುರುವಾಗಿ ಕೈಗೆ ಬರುತ್ತದೆ. ನಾನು ಅದೇ ಮಧ್ಯಾಹ್ನ ಆರ್ಡರ್ ಕ್ಯಾನ್ಸಲ್ ಮಾಡಿ ಅಂತ ಬರೆದೆ. ಸೋಮವಾರ ಉತ್ತರ ಬಂತು: ಹೊಲಿಗೆ ಶುರುವಾಗಿದೆ, ಕ್ಷಮಿಸಿ, ತಂಡದ ಮೇಲಿನ ನಿಮ್ಮ ಅಭಿಮಾನಕ್ಕೆ ಧನ್ಯವಾದ. ಆ ಕೊನೆಯ ಸಾಲು ನೋಡಿ ಬಂದ ಕೋಪ ಇನ್ನೂ ಇಳಿದಿಲ್ಲ. ಜನವರಿಯಲ್ಲಿ ಜರ್ಸಿ ಬಂತು. ಕೊರಿಯರ್‌ನವನು ಸಹಿ ಬೇರೆ ಹಾಕಿಸಿಕೊಂಡ.

ಅಯ್ಯೋ.

ನೋಡಿದಿರಾ? ಬಟ್ಟೆ ಹರಿಯಿತು. ಎಚ್ ಅಕ್ಷರದ ಕೆಳಗೆ. ಹೊಲಿಗೆ ಬಿಚ್ಚಲು ಹೋಗಿ ಕೊಕ್ಕೆ ಬಟ್ಟೆಗೇ ಹೊಕ್ಕಿತು. ಹತ್ತಿರ ತೋರಿಸುತ್ತೇನೆ. ಕಿರುಬೆರಳು ಹೋಗುವಷ್ಟು ತೂತು. ಸರಿ, ಏನೂ ಮಾಡೋಕಾಗಲ್ಲ, ಮುಂದಿನ ಅಕ್ಷರ ನಿಧಾನವಾಗಿ.

ಕೈ ಕೆಲಸ ಮಾಡುತ್ತಿರಲಿ, ನಾನು ಮಾತಾಡುತ್ತೇನೆ. ಗಾಳಿಮಾತು ನಂಬುವುದೋ ಬೇಡವೋ ಹೇಗೆ ತಿಳಿಯುವುದು ಅಂತ ಎಲ್ಲರೂ ಕೇಳ್ತಾರೆ. ನಾನು ಈಗ ಮೊದಲು ನೋಡುವುದು ಕ್ರಿಯಾಪದ. ನಿಜವಾಗಿ. ತಂಡ 'ಇಂಟರೆಸ್ಟೆಡ್' ಅಂದರೆ ಏನೂ ಇಲ್ಲ, ನನಗೂ ಬಂಗಲೆ ಮೇಲೆ ಇಂಟರೆಸ್ಟ್ ಇದೆ. 'ಚೆಕ್ ಇನ್ ಮಾಡಿದ್ದಾರೆ' ಅಂದರೆ ಯಾರೋ ಏಜೆಂಟಿಗೆ ಒಂದು ಫೋನ್ ಹಾಕಿ ಹೇಗಿದ್ದೀರಿ ಅಂದಿದ್ದಾರೆ. 'ಫೈನಲಿಸ್ಟ್' ಅಂದರೆ, ಬ್ಲೂ ಜೇಸ್ ಅಭಿಮಾನಿಗೆ, ಸೋಲಲಿದ್ದೇವೆ ಅಂತ. 'ಒಪ್ಪಿಕೊಂಡಿದ್ದಾರೆ' ಅಂದಾಗ ಮಾತ್ರ ನಾನು ಕುರ್ಚಿಯಿಂದ ಏಳುತ್ತೇನೆ. ಅದರ ಮುಂದೆಯೂ 'ಪೆಂಡಿಂಗ್ ಫಿಸಿಕಲ್' ಅಂತ ಇರುತ್ತದೆ, ಅಂದರೆ ವೈದ್ಯಕೀಯ ಪರೀಕ್ಷೆ ಬಾಕಿ.

ಅದು ಸುಮ್ನೆ ಶಾಸ್ತ್ರಕ್ಕೆ ಅಂದುಕೊಂಡಿದ್ದೆ, ಕಾರ್ಲೋಸ್ ಕೊರೆಯಾ ಅನ್ನುವ ಆಟಗಾರನ ಕಥೆ ನೋಡುವ ತನಕ. 2022ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಜೊತೆ 13 ವರ್ಷ, 350 ಮಿಲಿಯನ್. ಪತ್ರಿಕಾಗೋಷ್ಠಿ ಇಟ್ಟಿದ್ದ ದಿನವೇ ಅದು ರದ್ದಾಯಿತು. ಕಾಲಿನ ಹಳೆಯ ಗಾಯದ ಮೇಲೆ ಅನುಮಾನ. ಕೂಡಲೇ ನ್ಯೂಯಾರ್ಕ್ ಮೆಟ್ಸ್ ಬಂದರು, 12 ವರ್ಷ, 315 ಮಿಲಿಯನ್. ಅವರ ಡಾಕ್ಟರರಿಗೂ ಅದೇ ಅನುಮಾನ. ಕೊನೆಗೆ ಜನವರಿಯಲ್ಲಿ ಮಿನೆಸೋಟಾ ಟ್ವಿನ್ಸ್ ಜೊತೆ 6 ವರ್ಷ, 200 ಮಿಲಿಯನ್. ಎರಡು ಸಲ ನಿಶ್ಚಿತಾರ್ಥ ಮುರಿದು, ಮೂರನೇ ಮನೆಯಲ್ಲಿ ಧಾರೆ. ಆದರೆ ವರದಿ ಮಾಡಿದವರು ಸುಳ್ಳು ಹೇಳಿರಲಿಲ್ಲ ನೋಡಿ. ಹೇಳಿದಾಗ ಅದು ನಿಜವೇ ಆಗಿತ್ತು.

ಮದುವೆ ಅಂದದ್ದಕ್ಕೆ ನೆನಪಾಯಿತು. ನಮ್ಮೂರಲ್ಲಿ ಒಬ್ಬ ಮದುವೆ ದಲ್ಲಾಳಿ ಇದ್ದರು. ಬಿಳಿ ಪಂಚೆ, ಕಂಕುಳಲ್ಲಿ ಚೀಲ, ಅದರ ತುಂಬ ಜಾತಕ. ಯಾವ ಮನೆಗೆ ಹೋದರೂ ಕಾಫಿ ಕುಡಿದು ಲೋಟ ಕೆಳಗಿಡುವಾಗ ಒಂದು ಮಾತು ಬಿಡೋರು: ಇನ್ನೊಂದು ಕಡೆಯಿಂದಲೂ ಕೇಳ್ತಿದ್ದಾರೆ, ಬೇಗ ಹೇಳಿಬಿಡಿ. ಆ ಇನ್ನೊಂದು ಕಡೆ ಯಾವುದು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೇಸ್‌ಬಾಲ್‌ನಲ್ಲಿ ಅದಕ್ಕೆ ಮಿಸ್ಟರಿ ಟೀಮ್ ಅಂತ ಹೆಸರು. ಸ್ಕಾಟ್ ಬೋರಾಸ್ ಅಂತ ದೊಡ್ಡ ಏಜೆಂಟ್ ಇದ್ದಾರೆ, ಅವರ ಆಟಗಾರರ ಸುದ್ದಿಯಲ್ಲಿ ಹೆಸರಿಲ್ಲದ ತಂಡ ಬಂದರೆ ಅಭಿಮಾನಿಗಳು ನಗ್ತಾರೆ. ನಾನು ಮಿಸ್ಟರಿ ಟೀಮ್ ಅಂದರೆ ಪೂರ್ತಿ ಬುರುಡೆ ಅಂತಲೇ ವಾದ ಮಾಡುತ್ತಿದ್ದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಆ ದಲ್ಲಾಳಿ ಹೇಳಿದ ಇನ್ನೊಂದು ಕಡೆ ನಮ್ಮ ಚಿಕ್ಕಪ್ಪನ ವಿಷಯದಲ್ಲಿ ನಿಜವಾಗಿಯೂ ಇತ್ತು, ಆ ಹುಡುಗಿ ಅಲ್ಲಿಗೇ ಮದುವೆಯಾಗಿ ಹೋದರು.

ಆದ್ದರಿಂದ ಈ ಸುದ್ದಿ ಹೊರಗೆ ಬಂದರೆ ಯಾರಿಗೆ ಲಾಭ ಅಂತ ಒಂದು ಸಲ ಯೋಚಿಸಿ. ರೇಟ್ ಏರಿದರೆ ಏಜೆಂಟಿಗೆ ಲಾಭ. ನಾವು ತುಂಬಾ ಪ್ರಯತ್ನಪಟ್ಟೆವು ಅಂತ ಅಭಿಮಾನಿಗಳಿಗೆ ತೋರಿಸಿಕೊಳ್ಳಲು ತಂಡಕ್ಕೂ ಲಾಭ. ಪತ್ರಕರ್ತರಿಗೆ ಎಲ್ಲರಿಗಿಂತ ಐದು ಸೆಕೆಂಡ್ ಮುಂಚೆ ಹೇಳುವ ಆಸೆ.

ಆ ಐದು ಸೆಕೆಂಡಿನ ಆಸೆಗೆ ಉದಾಹರಣೆ ಕೊಡಲೇಬೇಕು, ಕಾಫಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ. 2022ರ ಡಿಸೆಂಬರ್ 6. ಆರನ್ ಜಡ್ಜ್ ಯಾವ ತಂಡಕ್ಕೆ ಅಂತ ಎಲ್ಲರೂ ಕಾಯುತ್ತಿದ್ದಾಗ ಬೇಸ್‌ಬಾಲ್ ಪತ್ರಕರ್ತ ಜಾನ್ ಹೇಮನ್ ಟ್ವೀಟ್ ಮಾಡಿದರು, 'ಆರ್ಸನ್ ಜಡ್ಜ್' ಜೈಂಟ್ಸ್‌ಗೆ ಹೋಗುವ ಹಾಗೆ ಕಾಣುತ್ತದೆ ಅಂತ. ಆರ್ಸನ್ ಅಂದರೆ ಬೆಂಕಿ ಹಚ್ಚುವ ಅಪರಾಧ. ಹೆಸರು ಸರಿಯಾಗಿ ಟೈಪ್ ಮಾಡಲೂ ಪುರುಸೊತ್ತಿಲ್ಲ. ಕೆಲವೇ ನಿಮಿಷದಲ್ಲಿ ವಾಪಸ್ ತೆಗೆದುಕೊಂಡು ಕ್ಷಮೆ ಕೇಳಿದರು. ಮರುದಿನ ಜಡ್ಜ್ ಯಾಂಕೀಸ್‌ನಲ್ಲೇ ಉಳಿದರು, 9 ವರ್ಷ, 360 ಮಿಲಿಯನ್. ಅವತ್ತು ಹೇಮನ್‌ರನ್ನು ಅನ್‌ಫಾಲೋ ಮಾಡಿದೆ. ಮೂರು ವಾರಕ್ಕೆ ಮತ್ತೆ ಫಾಲೋ ಮಾಡಿದೆ. ಏಕೆಂದರೆ ಎಷ್ಟೋ ಡೀಲ್‌ಗಳನ್ನು ಅವರು ಸರಿಯಾಗಿಯೇ ಹೇಳಿದ್ದಾರೆ, ಮತ್ತೆ ಡಿಸೆಂಬರಿನಲ್ಲಿ ಮಾಡಲು ನನಗಾದರೂ ಬೇರೇನಿದೆ.

ನಕಲಿ ಖಾತೆಗಳ ಬಗ್ಗೆ ಜಾಸ್ತಿ ಹೇಳಲ್ಲ. ಜೆಫ್ ಪಾಸನ್, ಕೆನ್ ರೋಸೆಂಥಾಲ್‌ರಂಥ ದೊಡ್ಡ ಬೇಸ್‌ಬಾಲ್ ಪತ್ರಕರ್ತರ ಹೆಸರಲ್ಲಿ ಒಂದೇ ಅಕ್ಷರ ಆಚೀಚೆ ಮಾಡಿ ಬರೆಯುವವರು ಇದ್ದಾರೆ. ದುಡ್ಡು ಕೊಟ್ಟರೆ ನೀಲಿ ಟಿಕ್ ಸಿಗುವ ಹಾಗಾದ ಮೇಲೆ ಟಿಕ್ ನೋಡಿ ಪ್ರಯೋಜನವಿಲ್ಲ. ಹೆಸರಿನ ಮೇಲೆ ಒತ್ತಿ ಹಳೆಯ ಪೋಸ್ಟ್ ನೋಡಿ, ಅಷ್ಟೇ. ಅವತ್ತು ನಾನು ನೋಡಿದ್ದು ನಕಲಿ ಅಲ್ಲ, ಅಸಲಿ. ನನ್ನ ದುಃಖವೇ ಅದು.

ಡಿಕಾಕ್ಷನ್ ಆಯಿತು. ಕುಡಿಯುತ್ತಾ ಮುಂದುವರಿಸೋಣ. ಟಿ ಆಯಿತು, ಎ ಆಯಿತು, ಇನ್ನೆರಡು.

ಊರಿನ ಗೆಳೆಯರು ಕೇಳ್ತಾರೆ, ಐಪಿಎಲ್ ಥರ ಹರಾಜು ಇಡಬಾರದಾ ಅಂತ. ಅಲ್ಲಿ ಸುತ್ತಿಗೆ ಬಿತ್ತು ಅಂದರೆ ಮುಗಿಯಿತು, ಬೆಲೆ ಟಿವಿಯಲ್ಲೇ ಕಾಣುತ್ತದೆ, ನಿಜ. ಆದರೆ 2024ರ ಹರಾಜಿಗೆ ಮುಂಚೆ ಕೆ. ಎಲ್. ರಾಹುಲ್ ಆರ್‌ಸಿಬಿಗೆ ಮರಳಿ ಬರ್ತಾರೆ ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲೇ ಎಷ್ಟು ಫಾರ್ವರ್ಡ್ ಬಂದಿತ್ತು! ಡೆಲ್ಲಿಗೆ ಹೋದರು, 14 ಕೋಟಿಗೆ. ನಮಗೆ ಬೇಕಾದವರ ಬಗ್ಗೆ ಬಂದ ಸುದ್ದಿ ನಮಗೆ ನಿಜವಾಗಿಯೇ ಕೇಳಿಸುತ್ತದೆ. ಓಟಾನಿ ವಿಮಾನ ಸಿಯಾಟಲ್ ಕಡೆ ಹೋಗುತ್ತಿದೆ ಅಂದಿದ್ದರೆ, ಇದೇನು ಯಾರದೋ ಖಾಸಗಿ ಜೆಟ್ ಹಿಡಿದುಕೊಂಡು ಕೂತಿದ್ದಾರೆ ಅಂತ ನಾನೇ ನಗುತ್ತಿದ್ದೆ.

ತಂಡ ನಿಜವಾಗಿ ಏನು ಮಾಡುತ್ತಿದೆ ನೋಡಿ, ಮಾತು ಬಿಡಿ ಅಂತಲೂ ಹೇಳ್ತಾರೆ. ಅದೂ ಪೂರ್ತಿ ನಂಬಬೇಡಿ. 2025ರ ಜನವರಿ 17. ಜಪಾನಿನ ಪಿಚರ್ ರೋಕಿ ಸಾಸಾಕಿಗೆ ಕೊಡಲು ಬೋನಸ್ ದುಡ್ಡಿನ ಮಿತಿ ಹೆಚ್ಚಿಸಿಕೊಳ್ಳಬೇಕಿತ್ತು. ಕ್ಲೀವ್‌ಲ್ಯಾಂಡ್ ತಂಡದ ಮಿತಿಯಲ್ಲಿ ಒಂದು ಪಾಲು ಪಡೆಯಲು ಬ್ಲೂ ಜೇಸ್‌ನವರು ಅಲ್ಲಿಂದ ಮೈಲ್ಸ್ ಸ್ಟ್ರಾ ಅನ್ನುವ ಔಟ್‌ಫೀಲ್ಡರ್‌ನನ್ನು, ಅವರ ಸಂಬಳದ ಹೊರೆಯ ಜೊತೆಗೇ ತೆಗೆದುಕೊಂಡರು. ಬಾಯಿಮಾತಲ್ಲ, ಕಾಗದದ ಮೇಲೆ ಆದ ಟ್ರೇಡ್. ಬಂದರು ಸಾಸಾಕಿ ಅಂದುಕೊಂಡೆ. ಅದೇ ದಿನ ಸಾಸಾಕಿ ಡಾಡ್ಜರ್ಸ್ ಅಂದರು. ನಮಗೆ ಸ್ಟ್ರಾ ಉಳಿದರು. ಆದರೆ ಪಾಪ, ಅವರು ಚೆನ್ನಾಗಿಯೇ ಆಡಿದರು, ಮೇಜರ್ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್ ತಂಡದಲ್ಲೂ ಇದ್ದರು.

ವರ್ಲ್ಡ್ ಸೀರೀಸ್ ಬೇಡ. ಅದರ ಮಾತೇ ಬೇಡ. ಸರಿ, ಒಂದು ನಿಮಿಷ. 2025ರಲ್ಲಿ ನಾವು, ಡಾಡ್ಜರ್ಸ್ ಎದುರುಬದುರು. ಇಲ್ಲಿ ಮೊದಲ ಪಂದ್ಯದಲ್ಲಿ ಓಟಾನಿ ಬ್ಯಾಟಿಂಗಿಗೆ ಬಂದಾಗ ಇಡೀ ಸ್ಟೇಡಿಯಂ 'ನೀವು ನಮಗೆ ಬೇಡ' ಅಂತ ಕೂಗಿತು. ಮನೆಯಲ್ಲಿ ಕೂತು ನಾನೂ ಕೂಗಿದೆ, ಬೀರುವಿನಲ್ಲಿ ಈ ಜರ್ಸಿ ಇಟ್ಟುಕೊಂಡು. ಏಳನೇ, ಅಂದರೆ ಕೊನೆಯ ಪಂದ್ಯದಲ್ಲಿ ಡಾಡ್ಜರ್ಸ್ ಪರ ಪಿಚಿಂಗ್ ಶುರು ಮಾಡಿದ್ದೂ ಅವರೇ, ಓಟಾನಿಯ ಎಸೆತಕ್ಕೇ ಆಗ ನಮ್ಮ ತಂಡದಲ್ಲಿದ್ದ ಬೋ ಬಿಚೆಟ್ ಮೂರು ರನ್ನಿನ ಹೋಮ್ ರನ್ ಹೊಡೆದರು. ನಮ್ಮ ಗೆಲುವಿಗೆ ಇನ್ನೆರಡು ಔಟ್ ಬಾಕಿ ಇದ್ದಾಗ ಡಾಡ್ಜರ್ಸ್‌ನ ಮಿಗೆಲ್ ರೋಹಾಸ್ ಸಮ ಮಾಡಿದರು, 11ನೇ ಇನ್ನಿಂಗ್ಸ್‌ನಲ್ಲಿ 5-4ಕ್ಕೆ ಸೋತೆವು. ಸಾಕು.

ಈ ಚಳಿಗಾಲದಲ್ಲಿ ಇನ್ನೊಂದು ಪಾಠವಾಯಿತು. 2025ರ ನವೆಂಬರಿನಲ್ಲಿ ಪಿಚರ್ ಡಿಲನ್ ಸೀಸ್ ಬ್ಲೂ ಜೇಸ್‌ಗೆ, 7 ವರ್ಷ, 210 ಮಿಲಿಯನ್. ಅದರ ಬಗ್ಗೆ ಒಂದು ಗುಸುಗುಸೂ ನನ್ನ ಕಿವಿಗೆ ಬಿದ್ದಿರಲಿಲ್ಲ. ವಿಮಾನ ಇಲ್ಲ, ಸುಶಿ ಇಲ್ಲ. ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಫೋನ್ ನೋಡಿದರೆ ಆಗಿಹೋಗಿದೆ. ಹಾಗಾದರೆ ಗದ್ದಲ ಇದ್ದರೆ ಸುಳ್ಳು, ಮೌನ ಇದ್ದರೆ ನಿಜ ಅಂತ ಹೇಳೋಣ ಅಂದರೆ ಅದೂ ಸರಿಯಲ್ಲ. ಹುವಾನ್ ಸೋಟೊ ಮೆಟ್ಸ್‌ಗೆ ಹೋದಾಗ ವಾರಗಟ್ಟಲೆ ಗದ್ದಲವಿತ್ತು, ಗದ್ದಲದಲ್ಲಿದ್ದ ತಂಡಕ್ಕೇ ಹೋದರು, 15 ವರ್ಷ, 765 ಮಿಲಿಯನ್‌ಗೆ.

ಬಂತು, ಕೊನೆಯ ಐ ಬಂತು! ಇದೊಂದೇ ಸುಲಭದ್ದು. ಈಗ ನೋಡಿ. ಬೆಳಕಿಗೆ ಹಿಡಿಯುತ್ತೇನೆ. ಅಕ್ಷರ ಹೋಗಿದೆ, ಆದರೆ ಕೆಳಗಿನ ಬಟ್ಟೆಯಲ್ಲಿ ಅದರ ಅಚ್ಚು ಹಾಗೇ ಉಳಿದಿದೆ, ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿವೆ. ಮಗಳು ಹಿಂದಿನಿಂದ ಬಂದು ಈಗಲೂ ಓಟಾನಿ ಅಂತಲೇ ಓದಬಹುದು ಅಂತಿದ್ದಾಳೆ. ಮೊದಲಿಗಿಂತ ಜಾಸ್ತಿ ಕಾಣುತ್ತದಂತೆ.

17 ತೆಗೆಯಲ್ಲ. ಅದು ಬೆರಿಯೋಸ್ ನಂಬರ್, ನ್ಯಾಯವಾಗಿ ಅವರಿಗೇ ಸೇರಬೇಕು. ಅವರ ಹೆಸರು ಹಾಕಿಸೋಣ ಅಂದುಕೊಂಡಿದ್ದೆ. ಆದರೆ ಅವರ 7 ವರ್ಷದ ಒಪ್ಪಂದದಲ್ಲಿ 2026ರ ಸೀಸನ್ ಮುಗಿದ ಮೇಲೆ ಬೇಕಾದರೆ ಬಿಟ್ಟು ಹೋಗಬಹುದು ಅಂತ ಇದೆ. ಈಗಲೇ ಏಳು ಅಕ್ಷರಕ್ಕೆ ದುಡ್ಡು ಕೊಡುವಷ್ಟು ಧೈರ್ಯ ನನಗಿಲ್ಲ. ಸದ್ಯಕ್ಕೆ ಹೆಸರಿಲ್ಲದೆ ಇರಲಿ. ಎಚ್ ಕೆಳಗಿನ ತೂತಿಗೆ ಒಳಗಿನಿಂದ ಹಳೇ ಪಂಚೆ ತುಂಡು ಕೊಟ್ಟು ಹೊಲಿಯುತ್ತೇನೆ, ಅದನ್ನು ತೋರಿಸೋಣ ಅಂದರೆ ಕಾರ್ಡ್ ತುಂಬಿದೆ ಅಂತ ಕೆಂಪು ದೀಪ ಮಿನುಗುತ್ತಿದೆ, ಇಡ್ಲಿ ರವೆ ಬೇರೆ ರಾತ್ರಿಗೆ ನೆನೆ ಹಾಕಬೇಕು, ಪ್ಯಾಕೆಟ್ ತೆಗೀತಿದ್ದೇನೆ, ಚಿತ್ರ ಓರೆಯಾಗುತ್ತ