ಸಿಮೆಂಟ್ ಲೆಕ್ಕದಲ್ಲಿ ಬೆಳವಣಿಗೆ, ಬಿಲ್ ಲೆಕ್ಕದಲ್ಲಿ ಬಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

2024-25ರಲ್ಲಿ ಭಾರತದ ನಿರ್ಮಾಣ ಕ್ಷೇತ್ರ ಶೇ 9.4ರಷ್ಟು ಬೆಳೆಯಿತು ಅಂತ ಸರ್ಕಾರದ ಅಂಕಿ-ಅಂಶ ಕಚೇರಿ ತಾತ್ಕಾಲಿಕ ಲೆಕ್ಕ ಕೊಟ್ಟಿತ್ತು. ಅದೇ ವರ್ಷ ಇಡೀ ದೇಶದ ಜಿಡಿಪಿ ಬೆಳೆದದ್ದು ಶೇ 6.5. ಅಂದರೆ ಕಟ್ಟುವ ಕೆಲಸ ಉಳಿದೆಲ್ಲದಕ್ಕಿಂತ ಜೋರಾಗಿ ನಡೆಯುತ್ತಿದೆ ಅಂತಾಯಿತು. ಆದರೆ ಸರ್ಕಾರಿ ಕೆಲಸ ಮಾಡುವ ಯಾವುದಾದರೂ ಕಾಂಟ್ರಾಕ್ಟರ್ ಹತ್ತಿರ ಹೋಗಿ "ಏನು ಸ್ವಾಮಿ, ಹೇಗಿದೆ ಕೆಲಸ" ಅಂತ ಕೇಳಿ ನೋಡಿ. ಕೆಲಸ ಬೇಕಾದಷ್ಟಿದೆ, ಬಿಲ್ ಆಗಿಲ್ಲ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಮಾತೂ ನಿಜವಾಗುವುದು ಹೇಗೆ ಅನ್ನುವುದೇ ಇವತ್ತಿನ ನನ್ನ ಮಾತಿನ ವಿಷಯ.

ಮೊದಲು ಈ ಬೆಳವಣಿಗೆಯ ಅಂಕಿ ಎಲ್ಲಿಂದ ಬರುತ್ತದೆ ನೋಡೋಣ. ದೇಶದಲ್ಲಿ ಏಳುತ್ತಿರುವ ಕಟ್ಟಡಗಳನ್ನೆಲ್ಲ ಯಾರೂ ಎಣಿಸಿಕೊಂಡು ಬರುವುದಿಲ್ಲ, ಅದು ಆಗುವ ಕೆಲಸವೂ ಅಲ್ಲ. ಸಿಮೆಂಟ್ ಎಷ್ಟು ಬಳಕೆಯಾಯಿತು, ಉಕ್ಕು ಎಷ್ಟು, ಇಟ್ಟಿಗೆ, ಮರ, ಫಿಟ್ಟಿಂಗ್ಸ್ ಎಷ್ಟು ಅಂತ ಲೆಕ್ಕ ಹಿಡಿದು, ಅದರ ಮೇಲೆ ಕಟ್ಟಿದ ಕೆಲಸದ ಬೆಲೆಯನ್ನು ಅಂದಾಜು ಮಾಡುತ್ತಾರೆ. ಮೂರು ತಿಂಗಳಿಗೊಮ್ಮೆ ಬರುವ ಲೆಕ್ಕದಲ್ಲಂತೂ ಸಿಮೆಂಟ್ ಉತ್ಪಾದನೆ ಮತ್ತು ಉಕ್ಕಿನ ಬಳಕೆ, ಇವೆರಡೇ ದೊಡ್ಡ ಆಧಾರ. ಇದರಲ್ಲಿ ತಪ್ಪೇನಿಲ್ಲ, ಬೇರೆ ದಾರಿಯೂ ಕಡಿಮೆ. ಆದರೆ ಇದರ ಅರ್ಥ ಏನು ಅಂದರೆ, ಅರ್ಧಕ್ಕೆ ನಿಂತ ಸೇತುವೆಯ ಕಂಬಕ್ಕೆ ಸುರಿದ ಕಾಂಕ್ರೀಟ್ ಕೂಡ ಬೆಳವಣಿಗೆಯೇ. ಆ ಕಂಬ ಹಾಕಿದವನಿಗೆ ದುಡ್ಡು ಬಂತೋ ಇಲ್ಲವೋ, ಸೇತುವೆ ಮೇಲೆ ಯಾವತ್ತಾದರೂ ಬಸ್ಸು ಓಡಿತೋ ಇಲ್ಲವೋ, ಅದು ಈ ಅಂಕಿಯೊಳಗೆ ಕಾಣುವುದಿಲ್ಲ.

ಇನ್ನೊಂದು ವಿಷಯ, ಶೇಕಡಾವಾರು ಲೆಕ್ಕ ಕೇಳಿ ಸುಮ್ನೆ ಖುಷಿಪಡಬಾರದು. ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಈ ಕ್ಷೇತ್ರ ಮೊದಲ ಲೆಕ್ಕದ ಪ್ರಕಾರ ಶೇ 50ರಷ್ಟು ಕುಸಿಯಿತು. ಮರುವರ್ಷ ಅದೇ ಮೂರು ತಿಂಗಳಲ್ಲಿ ಶೇ 68 ಏರಿತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ನೂರು ಇದ್ದದ್ದು ಐವತ್ತಾಯಿತು, ಐವತ್ತಕ್ಕೆ 68 ಪರ್ಸೆಂಟ್ ಸೇರಿಸಿದರೆ 84. ಅಂದರೆ ಅಷ್ಟು ದೊಡ್ಡ ಏರಿಕೆ ಆದಮೇಲೂ ಹಳೆ ಜಾಗಕ್ಕೆ ಬಂದಿರಲಿಲ್ಲ! ಬೆಳವಣಿಗೆಯ ಮಾತು ಬಂದಾಗಲೆಲ್ಲ ಹಿಂದಿನ ವರ್ಷ ಎಷ್ಟಿತ್ತು ಅಂತ ಕೇಳುವುದು ಒಳ್ಳೆಯದು.

ಸರಿ, ಮುಂದೆ ಹೇಗೆ? ಅದು ಹಣ ಯಾರ ಜೇಬಿನಿಂದ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಕಳೆದ ಐದಾರು ವರ್ಷ ಈ ಕ್ಷೇತ್ರವನ್ನು ಎಳೆದದ್ದು ಮುಖ್ಯವಾಗಿ ಕೇಂದ್ರ ಸರ್ಕಾರ. ರಸ್ತೆ, ರೈಲು, ಬಂದರು ಇಂಥವುಗಳಿಗೆ ಇಡುವ ಬಂಡವಾಳ ವೆಚ್ಚ 2019-20ರಲ್ಲಿ ಸುಮಾರು 3.36 ಲಕ್ಷ ಕೋಟಿ ರೂಪಾಯಿ ಇತ್ತು. 2023-24ರ ಬಜೆಟ್‌ನಲ್ಲಿ ಅದು 10 ಲಕ್ಷ ಕೋಟಿ. ಆ ಒಂದೇ ವರ್ಷಕ್ಕೆ ಶೇ 33ರಷ್ಟು ಜಾಸ್ತಿ ಮಾಡಿದರು. ಮಾರನೇ ವರ್ಷ 11.11 ಲಕ್ಷ ಕೋಟಿ. ಇಲ್ಲಿಯವರೆಗೆ ಓಟ. ಆಮೇಲೆ 2025-26ರ ಬಜೆಟ್‌ನಲ್ಲಿ ಇಟ್ಟದ್ದು 11.21 ಲಕ್ಷ ಕೋಟಿ. ಹಿಂದಿನ ಬಜೆಟ್‌ಗೆ ಹೋಲಿಸಿದರೆ ಶೇ 1 ಕೂಡ ಏರಿಕೆ ಇಲ್ಲ. ಮೊತ್ತ ಈಗಲೂ ದೊಡ್ಡದೇ, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಬೆಳವಣಿಗೆಗೆ ಬೇಕಾದದ್ದು ಮೊತ್ತ ದೊಡ್ಡದಾಗಿರುವುದಲ್ಲ, ಹಿಂದಿನ ವರ್ಷಕ್ಕಿಂತ ಎಷ್ಟು ದೊಡ್ಡದಾಯಿತು ಅನ್ನುವುದು. ಪ್ರತಿ ವರ್ಷ ಅಷ್ಟೇ ಖರ್ಚು ಮಾಡುತ್ತ ಹೋದರೆ ಕೆಲಸ ಇರುತ್ತದೆ, ಬೆಳವಣಿಗೆ ಇರುವುದಿಲ್ಲ.

ಹೆದ್ದಾರಿಗಳನ್ನೇ ನೋಡಿ. 2020-21ರಲ್ಲಿ 13,327 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ ಕಟ್ಟಿದರು, ಅದೂ ಕೊರೊನಾ ವರ್ಷದಲ್ಲಿ, ಅದು ದಾಖಲೆ. 2023-24ರಲ್ಲಿ 12,349. 2024-25ರಲ್ಲಿ 10,660. ಇಳಿಯುತ್ತಿದೆ ಅಲ್ವಾ? ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಅದಕ್ಕೂ ಹಿಂದೆ ಹೊಸ ಕೆಲಸಗಳ ಟೆಂಡರ್ ಕೊಡುವುದು ಕಡಿಮೆಯಾಗಿತ್ತು. ರಸ್ತೆಯಲ್ಲಿ ಇವತ್ತು ಟೆಂಡರ್ ಕೊಟ್ಟರೆ ಎರಡು ಮೂರು ವರ್ಷ ಬಿಟ್ಟು ಕಿಲೋಮೀಟರ್ ಕಾಣುವುದು. ಹಾಗಾಗಿ ಮುಂದಿನ ವರ್ಷದ ಭವಿಷ್ಯ ಹೇಳಬೇಕು ಅಂದರೆ ಇವತ್ತು ಓಡಾಡುವ ರೋಡ್ ರೋಲರ್ ನೋಡಿದರೆ ಸಾಲದು, ನಿನ್ನೆ ಯಾವ ಟೆಂಡರ್‌ಗೆ ಸಹಿ ಬಿತ್ತು ಅಂತ ನೋಡಬೇಕು.

ಈಗ ಬಿಲ್ಲಿನ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಇಡೀ ಕ್ಷೇತ್ರದ ಗುಟ್ಟು ಇಲ್ಲೇ ಇದೆ, ಆದರೆ ಮುನ್ನೋಟದ ವರದಿಗಳಲ್ಲಿ ಇದಕ್ಕೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ಟೆಂಡರ್‌ನಲ್ಲಿ ಎಲ್ಲರಿಗಿಂತ ಕಡಿಮೆ ರೇಟು ಹಾಕಿದವನಿಗೆ ಕೆಲಸ. ಅವನಿಗೆ ಎಲ್-1 ಅನ್ನುತ್ತಾರೆ. ಎಲ್-1 ಆಗಬೇಕು ಅಂತ ಲಾಭ ಕತ್ತರಿಸಿ, ಕೆಲವರು ನಷ್ಟದ ಅಂಚಿಗೇ ಬಂದು ರೇಟು ಹಾಕುತ್ತಾರೆ. ಆಮೇಲೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಪ್ರತಿ ಬಿಲ್ಲಿನಲ್ಲೂ ಒಂದಷ್ಟು ಹಣ ರಿಟೆನ್ಷನ್ ಅಂತ ಹಿಡಿದಿಡುತ್ತಾರೆ. ಕೆಲಸ ಮಾಡಿ, ಅಳತೆ ಪುಸ್ತಕದಲ್ಲಿ ಬರೆಸಿ, ಬಿಲ್ ಕಳಿಸಿ, ಕಾಯಬೇಕು. ಆದರೆ ಜಲ್ಲಿ, ಎಂ-ಸ್ಯಾಂಡ್, ಡೀಸೆಲ್ ಕೊಟ್ಟವರು ಕಾಯುವುದಿಲ್ಲ. ಕೂಲಿಯವರಿಗೆ ಶನಿವಾರ ಬಟವಾಡೆ ಆಗಲೇಬೇಕು. ಮಧ್ಯದ ಆ ಅಂತರವನ್ನು ತುಂಬುವುದು ಬಡ್ಡಿ ಸಾಲ. ಹೀಗೆ ಕೈತುಂಬ ಕೆಲಸ ಇಟ್ಟುಕೊಂಡೇ ಮುಳುಗಿದ ಕಂಪನಿಗಳು ಇದ್ದಾವೆ. ಕೆಲಸ ಇಲ್ಲದೆ ಮುಳುಗಿದವರಿಗಿಂತ ಕೆಲಸ ಇದ್ದು ದುಡ್ಡು ಬಾರದೆ ಮುಳುಗಿದವರೇ ಜಾಸ್ತಿ ಅಂತ ಈ ಧಂದೆಯಲ್ಲಿರುವವರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಹೆದ್ದಾರಿಯಲ್ಲಿ ಇದಕ್ಕೊಂದು ದಾರಿ ಹುಡುಕಿದ್ದರು. 2016ರ ಸುಮಾರಿಗೆ ಬಂದ ಹೈಬ್ರಿಡ್ ಆನ್ಯುಯಿಟಿ ಪದ್ಧತಿ, ಬಾಯಿಮಾತಿನಲ್ಲಿ ಹ್ಯಾಮ್. ಖರ್ಚಿನ ಶೇ 40ನ್ನು ಕೆಲಸ ನಡೆಯುತ್ತಿರುವಾಗಲೇ ಸರ್ಕಾರ ಕೊಡುತ್ತದೆ, ಉಳಿದ 60ನ್ನು ಕಂಪನಿ ಹೊಂದಿಸಿಕೊಂಡು ಕಟ್ಟಿ, ಮುಂದೆ ಹದಿನೈದು ವರ್ಷ ಕಂತಿನಲ್ಲಿ ವಾಪಸ್ ಪಡೆಯುತ್ತದೆ. ಟೋಲ್ ಎಷ್ಟು ಬರುತ್ತದೆ ಅನ್ನುವ ತಲೆನೋವು ಕಂಪನಿಗಿಲ್ಲ. ಕಂಪನಿಯೇ ರಸ್ತೆ ಕಟ್ಟಿ ಟೋಲ್ ವಸೂಲಿ ಮಾಡಿಕೊಳ್ಳುವ ಹಳೆಯ ಬಿಒಟಿ ಪದ್ಧತಿಯಲ್ಲಿ ವಾಹನಗಳು ಲೆಕ್ಕ ಹಾಕಿದಷ್ಟು ಬಾರದೆ ಸಾಲ ಕೆಟ್ಟು, ಬ್ಯಾಂಕುಗಳೂ ಕೈ ಸುಟ್ಟುಕೊಂಡಿದ್ದವು. 2018ರಲ್ಲಿ ಇಂಥ ಯೋಜನೆಗಳಿಗೆ ಹಣ ಹೊಂದಿಸುತ್ತಿದ್ದ ದೊಡ್ಡ ಸಂಸ್ಥೆ ಐಎಲ್ ಆಂಡ್ ಎಫ್‌ಎಸ್ ಕುಸಿದಾಗ ಮೂಲಸೌಕರ್ಯಕ್ಕೆ ಸಾಲ ಕೊಡುವವರೇ ಹಿಂಜರಿದರು. ಹ್ಯಾಮ್ ಒಂದಷ್ಟು ನಂಬಿಕೆ ತಂದಿತು. ಆದರೆ ಅದು ದೊಡ್ಡವರ ಆಟ. ಹಳ್ಳಿಯಲ್ಲಿ ನೀರಿನ ಪೈಪು ಹಾಕುವ ಚಿಕ್ಕ ಗುತ್ತಿಗೆದಾರನಿಗೆ ಅದರಿಂದ ಏನೂ ಇಲ್ಲ. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ 2024ಕ್ಕೆ ಮುಗಿಯಬೇಕಿತ್ತು, ಈಗ 2028ಕ್ಕೆ ಹೋಗಿದೆ. ನಡುವೆ ಹಲವು ರಾಜ್ಯಗಳಲ್ಲಿ ಕೆಲಸ ಮಾಡಿದವರು ಹಣಕ್ಕಾಗಿ ಕಚೇರಿ ಸುತ್ತಿದರು. ಪೈಪು ಮಾತ್ರ ಬೆಳವಣಿಗೆಯ ಲೆಕ್ಕಕ್ಕೆ ಆಗಲೇ ಸೇರಿಬಿಟ್ಟಿತ್ತು.

ಮನೆಗಳ ಮಾತು. ಇಲ್ಲಿ ದುಡ್ಡು ನಮ್ಮ ನಿಮ್ಮದು, ಅಂದರೆ ಗೃಹಸಾಲ. ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಿಂದ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ, ಇಳಿಸುತ್ತ ಬಂತು. 6.5 ಇದ್ದದ್ದು ಡಿಸೆಂಬರ್ ಹೊತ್ತಿಗೆ 5.25 ಆಯಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಬಂತು. ಎರಡೂ ಒಳ್ಳೆಯದೇ. ಆದರೆ ಅವುಗಳಿಂದ ಬಡವರ ಮನೆ ತಾನಾಗಿ ಏಳುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಯಾಕೆಂದರೆ ದೊಡ್ಡ ಊರುಗಳಲ್ಲಿ ಮನೆಯ ಬೆಲೆಯನ್ನು ನಿರ್ಧರಿಸುವುದು ಸಿಮೆಂಟ್ ಅಲ್ಲ, ಜಾಗ. ಕಟ್ಟುತ್ತಿರುವ ಮನೆ ಕೊಂಡರೆ ಶೇ 5 ಜಿಎಸ್‌ಟಿ, ಕೈಗೆಟುಕುವ ಮನೆ ಅನ್ನಿಸಿಕೊಂಡರೆ ಶೇ 1. ಆ ಪಟ್ಟಿಗೆ ಸೇರಲು ಬೆಲೆ 45 ಲಕ್ಷ ರೂಪಾಯಿ ದಾಟಬಾರದು ಅಂತ 2019ರಲ್ಲಿ ನಿಯಮ ಮಾಡಿದರು. ಅಲ್ಲಿಂದ ಇಲ್ಲಿಗೆ ಜಾಗದ ಬೆಲೆ ಎಲ್ಲಿಗೆ ಹೋಯಿತು, ಆ 45 ಲಕ್ಷ ಮಾತ್ರ ವರ್ಷಗಟ್ಟಲೆ ಅಲ್ಲೇ ನಿಂತಿತ್ತು. ಬೆಂಗಳೂರಿನೊಳಗೆ ಆ ದುಡ್ಡಿಗೆ ಹೊಸ ಮನೆ ಕಟ್ಟಿ ಮಾರುವ ಬಿಲ್ಡರ್‌ನನ್ನು ಹುಡುಕುವುದೇ ಕಷ್ಟ. ಹೀಗಾಗಿ ಅವರು ದುಬಾರಿ ಫ್ಲಾಟ್‌ಗಳ ಕಡೆ ತಿರುಗಿದರು. ಮಾರಾಟದ ಮೊತ್ತ ಏರುತ್ತದೆ, ಮನೆಗಳ ಸಂಖ್ಯೆ ಅಷ್ಟು ಏರುವುದಿಲ್ಲ. ಒಂದು ಮಾತು ಒಪ್ಪಬೇಕು, ಬಿಲ್ಡರ್‌ಗಳಿಗೆ ಅಂಕುಶ ಹಾಕುವ ರೇರಾ ಕಾನೂನು ಬಂದ ಮೇಲೆ ಒಂದು ಯೋಜನೆಯ ದುಡ್ಡನ್ನು ಇನ್ನೊಂದಕ್ಕೆ ಸುರಿಯುವ ಚಾಳಿಗೆ ಲಗಾಮು ಬಿತ್ತು. ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಬೇರೆ ಖಾತೆಯಲ್ಲೇ ಇಡಬೇಕು.

ನಮ್ಮ ರಾಜ್ಯದಲ್ಲಿ ಮನೆ ಕಟ್ಟಿದವರಿಗೆ ಇನ್ನೊಂದು ಪೇಚಾಟ ಎದುರಾಯಿತು. ಪ್ಲಾನ್ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ, ಅದೇ ಓಸಿ, ಇಲ್ಲದ ಕಟ್ಟಡಕ್ಕೆ ಕರೆಂಟು ನೀರು ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದನ್ನು ಜಾರಿಗೆ ತಂದಾಗ ಕಟ್ಟಿ ಮುಗಿಸಿದ ಎಷ್ಟೋ ಮನೆಗಳು ಮೀಟರ್ ಇಲ್ಲದೆ ನಿಂತವು. ಆಮೇಲೆ 1,200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ತೀರ್ಪು ಸರಿಯೇ, ಪ್ಲಾನ್ ಮೀರಿ ಕಟ್ಟುವುದು ನಿಲ್ಲಬೇಕು. ಆದರೆ ಒಂದು ಕಾಗದ ಇಷ್ಟು ಮನೆಗಳನ್ನು ತಡೆದು ನಿಲ್ಲಿಸಬಹುದು ಅನ್ನುವುದನ್ನು ಯಾವ ಮುನ್ನೋಟವೂ ಲೆಕ್ಕ ಹಾಕಿರಲಿಲ್ಲ.

ಇನ್ನು ಕೈಗಳು. ದೇಶದಲ್ಲಿ ದುಡಿಯುವವರಲ್ಲಿ ನೂರಕ್ಕೆ ಸುಮಾರು 12 ಜನ ಈ ಕೆಲಸದಲ್ಲಿದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರು, ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದಿಂದ ಬಂದವರು. ಇಷ್ಟು ಜನ ಇದ್ದರೂ ದೊಡ್ಡ ಕಂಪನಿಗಳು ಜನ ಸಿಗುತ್ತಿಲ್ಲ ಅಂತ ಗೋಳಾಡುತ್ತಿವೆ. ಊರು ಬಿಟ್ಟು ಬರಲು ಜನಕ್ಕೆ ಮನಸ್ಸಿಲ್ಲ, ಸರ್ಕಾರದ ಸವಲತ್ತು ಜಾಸ್ತಿಯಾಯಿತು ಅನ್ನುವ ಮಾತೂ ಕೇಳಿಬಂತು. ಈ ವಾದ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. 2024ರ ಆರಂಭದಲ್ಲಿ ಇಸ್ರೇಲ್‌ಗೆ ಸೆಂಟ್ರಿಂಗ್, ಕಂಬಿ ಕಟ್ಟುವುದು, ಟೈಲ್ಸ್, ಪ್ಲಾಸ್ಟರಿಂಗ್ ಕೆಲಸಕ್ಕೆ ಜನ ಬೇಕು, ತಿಂಗಳಿಗೆ ಸುಮಾರು 1.37 ಲಕ್ಷ ರೂಪಾಯಿ ಅಂದಾಗ ಹರಿಯಾಣದಲ್ಲಿ, ಉತ್ತರ ಪ್ರದೇಶದಲ್ಲಿ ಸಾಲುಗಟ್ಟಿ ನಿಂತರು. ಅಲ್ಲಿ ಯುದ್ಧ ನಡೆಯುತ್ತಿತ್ತು! ಹಾಗಾದರೆ ಊರು ಬಿಡಲು ಮನಸ್ಸಿಲ್ಲ ಅನ್ನುವುದು ಪೂರ್ತಿ ನಿಜವಲ್ಲ, ಇಲ್ಲಿನ ಕೂಲಿಗೆ, ತಗಡಿನ ಶೆಡ್ಡಿನ ವಾಸಕ್ಕೆ ಊರು ಬಿಡಲು ಮನಸ್ಸಿಲ್ಲ. ಕಾರ್ಮಿಕರಿಗಾಗಿ 1996ರಲ್ಲೇ ಕಾನೂನು ಆಗಿತ್ತು, ಕಟ್ಟಡದ ಖರ್ಚಿನ ಮೇಲೆ ಶೇ 1 ಸೆಸ್ ವಸೂಲಾಗುತ್ತದೆ. ಹಣ ಕಲ್ಯಾಣ ಮಂಡಳಿಗೆ ಬರುತ್ತದೆ. ಆದರೆ ಊರಿಂದೂರಿಗೆ ತಿರುಗುವ ಮನುಷ್ಯನಿಗೆ ಅದು ಸಲೀಸಾಗಿ ಸಿಗುವುದಿಲ್ಲ.

ಸುರಕ್ಷತೆಯ ಬಗ್ಗೆ ಒಂದೇ ಮಾತು. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಜನ ಒಳಗೆ ಸಿಕ್ಕಿಬಿದ್ದರು. ಹದಿನೇಳನೇ ದಿನ ಹೊರಗೆ ತಂದರು. ದೊಡ್ಡ ಯಂತ್ರ ಕೈಕೊಟ್ಟಾಗ ಕೊನೆಯ ಕೆಲವು ಮೀಟರ್ ಕೈಯಲ್ಲೇ ಅಗೆದವರು ಇಲಿ ಬಿಲದಂಥ ಗಣಿಗಳಲ್ಲಿ ಪಳಗಿದ ಬಡ ಕೂಲಿಗಳು.

ಇಷ್ಟೆಲ್ಲ ಹೇಳಿ ಕೊನೆಗೆ ನನ್ನ ಅಂದಾಜು ಏನು ಅಂತ ಕೇಳುತ್ತೀರಿ. ಶೇ 9, 10ರ ಬೆಳವಣಿಗೆಯ ದಿನಗಳು ಸದ್ಯಕ್ಕೆ ಮುಗಿದವು ಅಂತ ನನಗೆ ಅನ್ನಿಸುತ್ತದೆ. 2025-26ರ ಮೊದಲ ಮೂರು ತಿಂಗಳ ಲೆಕ್ಕದಲ್ಲಿ ಶೇ 7.6 ಬಂತು, ಎರಡನೆಯದರಲ್ಲಿ 7.2. ಅದೇನೂ ಕೆಟ್ಟದ್ದಲ್ಲ. ರಾಜ್ಯಗಳಿಗೆ ಐವತ್ತು ವರ್ಷದ ಬಡ್ಡಿರಹಿತ ಸಾಲ ಅಂತ ಕೇಂದ್ರ 2025-26ರ ಬಜೆಟ್‌ನಲ್ಲಿ 1.5 ಲಕ್ಷ ಕೋಟಿ ಇಟ್ಟಿತ್ತು, ನಗರಗಳಲ್ಲಿ ಇನ್ನೂ ಒಂದು ಕೋಟಿ ಮನೆಗಳ ಯೋಜನೆ ಇದೆ, ಮೆಟ್ರೊ ಕೆಲಸಗಳು ಊರೂರಲ್ಲಿ ನಡೆಯುತ್ತಿವೆ. 6ರಿಂದ 8ರ ನಡುವೆ ಕೆಲವು ವರ್ಷ ನಡೆಯಬಹುದು. ಖಾಸಗಿ ಕಂಪನಿಗಳು ಹೊಸ ಕಾರ್ಖಾನೆಗಳಿಗೆ ಕೈ ಹಾಕಿದರೆ ಮೇಲೆ ಹೋಗುತ್ತದೆ, ಸರ್ಕಾರ ಒಂದೇ ಎಳೆಯಬೇಕಾದರೆ ಕೆಳಗೇ ಉಳಿಯುತ್ತದೆ.

ನೀವೇ ಗಮನಿಸಬೇಕು ಅಂತಿದ್ದರೆ ಎರಡು ಲೆಕ್ಕ ಪ್ರತಿ ತಿಂಗಳೂ ಬರುತ್ತವೆ. ಎಂಟು ಪ್ರಮುಖ ಉದ್ದಿಮೆಗಳ ಸೂಚ್ಯಂಕ ಅಂತ ಒಂದು, ಅದರಲ್ಲಿ ಸಿಮೆಂಟ್ ಮತ್ತು ಉಕ್ಕು ಬೇರೆಬೇರೆಯಾಗಿ ಇರುತ್ತವೆ. ಕೇಂದ್ರ ಸರ್ಕಾರ ಆ ತಿಂಗಳವರೆಗೆ ಬಂಡವಾಳ ವೆಚ್ಚ ಎಷ್ಟು ಮಾಡಿತು ಅನ್ನುವುದು ಇನ್ನೊಂದು. ಮಳೆಗಾಲದಲ್ಲಿ ಇಳಿದರೆ ಗಾಬರಿ ಬೇಡ, ಅದು ಪ್ರತಿ ವರ್ಷದ್ದು. ಚುನಾವಣೆ ವರ್ಷದಲ್ಲಿ ನೀತಿ ಸಂಹಿತೆ ಬಂದಾಗಲೂ ಇಳಿಯುತ್ತದೆ, 2024ರ ಏಪ್ರಿಲ್-ಜೂನ್‌ನಲ್ಲಿ ಹಾಗೇ ಆಯಿತು. ಆದರೆ ಡಿಸೆಂಬರ್, ಜನವರಿಯಲ್ಲಿ ಸಿಮೆಂಟ್ ಏರುತ್ತಿದ್ದು, ಸರ್ಕಾರದ ಖರ್ಚು ಏರದೇ ಇದ್ದರೆ, ಆಗ ಅನುಮಾನಪಡಿ. ಮನೆ ಕಟ್ಟುವವರು ಜೋರಾಗಿರಬಹುದು, ಇಲ್ಲವೇ ಯಾರದೋ ಬಿಲ್ ಎಲ್ಲೋ ಮೇಜಿನ ಮೇಲೆ ನಿಂತಿರಬಹುದು.

ನಮಸ್ಕಾರ.