ಮೈಕ್ ಆನ್ ಆಗುವ ಮೊದಲು

ಕೇಳುಗರಿಗೆಲ್ಲ ನಮಸ್ಕಾರ. ಆರ್‌ಜೆ, ಅಂದರೆ ರೇಡಿಯೊದಲ್ಲಿ ಶೋ ನಡೆಸಿಕೊಡುವ ರೇಡಿಯೊ ಜಾಕಿ, ಆಗಬೇಕು ಅಂತ ಹಟ ಹಿಡಿದಿರುವ ಹುಡುಗ ಹುಡುಗಿಯರು ಒಂದು ಕಡೆ, ಅದನ್ನು ಕೇಳಿ ತಲೆ ಮೇಲೆ ಕೈ ಹೊತ್ತು ಕೂತಿರುವ ಅಪ್ಪ ಅಮ್ಮ ಇನ್ನೊಂದು ಕಡೆ. ಇವತ್ತಿನ ಮಾತು ನಿಮ್ಮಿಬ್ಬರಿಗೂ.

ನನಗೆ ಫೋನ್ ಮಾಡುವ ಹುಡುಗರು ಶುರು ಮಾಡುವುದೇ ಹೀಗೆ: "ಸರ್, ನನ್ನ ವಾಯ್ಸ್ ಭಾಳ ಚಲೋ ಐತಿ." ಸಂತೋಷ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಚಲೋ ಧ್ವನಿಗೆ ಯಾವತ್ತು ಬರ ಬಂದಿತ್ತು? ಬೇಕಾಗಿರುವುದು ಅದಲ್ಲ. ಆರ್‌ಜೆ ಕೆಲಸ ಮೈಕ್ ಆನ್ ಆಗುವ ಮೊದಲೇ ಮುಗಿದಿರಬೇಕು. ಇದೊಂದೇ ಮಾತು ಹೇಳೋಕೆ ನಾನು ಬಂದಿರುವುದು. ಬೇಜಾರಾದರೂ ಮತ್ತೆ ಮತ್ತೆ ಹೇಳ್ತೀನಿ.

ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿ 8ರಂದು. ಆಗ ಆರ್‌ಜೆ ಅನ್ನುವ ಹೆಸರಿಲ್ಲ, ಉದ್ಘೋಷಕರು ಅಂತಿದ್ದರು. ಒಂದು ರೆಕಾರ್ಡ್ ತಿರುಗುತ್ತಿರುವಾಗಲೇ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು, ಹಾಡು ಶುರುವಾಗುವ ಗೆರೆಗೆ ಮುಳ್ಳು ಕೂರಿಸಿ ಕಾಯಬೇಕು. ಸ್ವಲ್ಪ ತಪ್ಪಿದರೆ ಊರಿಗೆಲ್ಲ ಕರಕರ ಸದ್ದು. ಬೇಂದ್ರೆಯವರು, ಮಲ್ಲಿಕಾರ್ಜುನ ಮನ್ಸೂರರು ಸಲಹೆಗಾರರಾಗಿ ಓಡಾಡಿದ ಕಟ್ಟಡ ಅದು. ಅಲ್ಲಿ ತಯಾರಿ ಇಲ್ಲದೆ ಬಾಯಿ ತೆಗೆಯುವ ಧೈರ್ಯ ಯಾರಿಗಿತ್ತು ಹೇಳಿ?

ಈಗ ಹಾಡುಗಳೆಲ್ಲ ಕಂಪ್ಯೂಟರ್‌ನಲ್ಲಿವೆ. ಹಾಗಾಗಿ ಕೆಲಸ ಸುಲಭ ಆಗಿದೆ ಅಂತ ಜನ ತಿಳಿದಿದ್ದಾರೆ. ಇಲ್ಲಪ್ಪಾ. ಮುಳ್ಳು ಹೋಯಿತು, ತಯಾರಿ ಹೋಗಲಿಲ್ಲ.

ನನಗೆ ಗೊತ್ತಿರುವ ಒಬ್ಬ ಹುಡುಗನ ಕಥೆ ಹೇಳ್ತೀನಿ. ಶಿಗ್ಗಾವಿ ಕಡೆಯವನು. ಹೆಸರು ಹೇಳಿದರೆ ನನ್ನನ್ನೇ ಬೈತಾನೆ, ಬೇಡ. ಧಾರವಾಡದಲ್ಲಿ ಕಾಲೇಜು ಓದುವಾಗ ಆಕಾಶವಾಣಿಯ ಯುವಜನರ ಕಾರ್ಯಕ್ರಮ ಯುವವಾಣಿಯಲ್ಲಿ ಮಾತಾಡಿದ. ಆಮೇಲೆ ಧ್ವನಿ ಪರೀಕ್ಷೆ ಪಾಸಾಗಿ ಅಲ್ಲೇ ಕ್ಯಾಶುಯಲ್ ಆಗಿ, ಅಂದರೆ ಕಾಯಂ ಅಲ್ಲದ ಉದ್ಘೋಷಕನಾಗಿ, ಕೆಲಸ ಮಾಡಿದ. ಅಲ್ಲಿಂದ ಹುಬ್ಬಳ್ಳಿಯ ಒಂದು ಎಫ್ಎಂನಲ್ಲಿ ಬೆಳಗಿನ ಶೋ. ಅಷ್ಟರಲ್ಲಿ 2023ರ ಮಾರ್ಚ್ ಬಂತು. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಯಿತು. 1507 ಮೀಟರ್. ಪೇಪರ್, ಟಿವಿ, ವಾಟ್ಸಾಪ್, ಎಲ್ಲಿ ನೋಡಿದರೂ ಅದೇ ಸಾಲು. ಇವನೂ ಅದನ್ನೇ ಓದಿ ಕೈ ತೊಳೆದುಕೊಳ್ಳಬಹುದಿತ್ತು, ಅಲ್ವಾ?

ಓದಲಿಲ್ಲ. ಶೋ ಮುಗಿಸಿ ಸೀದಾ ಸ್ಟೇಷನ್ನಿಗೆ ಹೋದ. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡ. ಕೈಯಲ್ಲಿ ಬೇಕಂತಲೇ ಒಂದು ಭಾರದ ಬ್ಯಾಗು. ಈ ತುದಿಯಿಂದ ಆ ತುದಿಗೆ ಗಡಿಯಾರ ನೋಡುತ್ತಾ ನಡೆದ. ಹತ್ತಿರ ಹತ್ತಿರ ಇಪ್ಪತ್ತು ನಿಮಿಷ! ವಾಪಸ್ ಬರುವಾಗ ಒಬ್ಬ ಹಮಾಲರ ಜೊತೆ ಚಹಾ ಕುಡಿದ. ಜನ ಎಲ್ಲಿ ನಿಂತು ಎಲ್ಲಿಗೆ ಓಡ್ತಾರೆ, ಯಾರು ಮುಗ್ಗರಿಸ್ತಾರೆ, ಎಲ್ಲ ಕೇಳಿಕೊಂಡ. ಮನೆಗೆ ಬಂದು ಬರೆದ, ಹೊಡೆದು ಹಾಕಿದ, ಮತ್ತೆ ಬರೆದ.

ಮರುದಿನ ಬೆಳಗ್ಗೆ ನಾನು ಕೇಳ್ತಿದ್ದೆ. ಹಾಡಿನ ವಾದ್ಯ ಶುರುವಾಯಿತು, ಅದರ ಮೇಲೆ ಇವನ ಮಾತು: "ಅಜ್ಜಿನ್ನ ಕರಕೊಂಡ ಬರಾವ್ರು ಇಪ್ಪತ್ತ ನಿಮಿಷ ಮೊದಲ ಬರ್ರಿ. ನಿಮ್ಮ ಬೋಗಿ ಎಲ್ಲಿ ನಿಲ್ತೈತಿ, ಬೋರ್ಡ್ ನೋಡಿ ಅಲ್ಲೇ ನಿಂದರ್ರಿ. ಗಾಡಿ ಬಂದ ಮ್ಯಾಲ ಓಡಾಕ ಹೋಗಬ್ಯಾಡ್ರಿ, 1507 ಮೀಟರ್ ಐತಿ!" ಅವನ ಮಾತು ಮುಗಿಯಿತು, ಗಾಯಕನ ದನಿ ಬಂತು. ಒಂದು ಕ್ಷಣ ಹೆಚ್ಚಿಲ್ಲ, ಕಡಿಮೆ ಇಲ್ಲ. ಕೇಳಿದವರು ಎಷ್ಟು ಸಲೀಸಾಗಿ ಮಾತಾಡ್ತಾನೆ ಅಂದಿರುತ್ತಾರೆ. ಸಲೀಸು ಎಲ್ಲಿಂದ ಬಂತು? ಭಾರದ ಬ್ಯಾಗು ಹೊತ್ತು ನಡೆದದ್ದರಿಂದ ಬಂತು. ಕೆಲಸ ಹಿಂದಿನ ದಿನವೇ ಮುಗಿದಿತ್ತು.

ಅಯ್ಯೋ, ಗಾಜಿನ ಆಚೆಯಿಂದ ಕೈಸನ್ನೆ ಮಾಡ್ತಿದ್ದಾರೆ. ಹಿಂದಿ ರೇಡಿಯೊದ ಹೆಸರಾಂತ ನಿರೂಪಕ ಅಮೀನ್ ಸಯಾನಿ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ, ಒಂದೇ ಮಾತು ಹೇಳ್ತೀನಿ. 1952ರಿಂದ ಅವರ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ರೇಡಿಯೊ ಸಿಲೋನ್‌ನಲ್ಲಿ ಬರುತ್ತಿತ್ತಲ್ಲ, ಅದನ್ನು ಮುಂಬೈಯಲ್ಲೇ ರೆಕಾರ್ಡ್ ಮಾಡಿ ಟೇಪನ್ನು ವಿಮಾನದಲ್ಲಿ ಕೊಲಂಬೊಗೆ ಕಳಿಸುತ್ತಿದ್ದರು. ಎದುರಿಗೇ ಕೂತು ಹರಟೆ ಹೊಡೆದಂತೆ ಕೇಳಿಸುತ್ತಿದ್ದದ್ದೆಲ್ಲ ಮೊದಲೇ ಮುಗಿದ ಕೆಲಸ!

ಅಪ್ಪ ಅಮ್ಮಂದಿರಿಗೆ ಬೇಗ ಹೇಳಿಬಿಡ್ತೀನಿ. ಬೆಳಗಿನ ಶೋ ಅಂದರೆ ಊರು ಏಳುವ ಮೊದಲೇ ಏಳಬೇಕು. ದೀಪಾವಳಿ ದಿನವೂ ಡ್ಯೂಟಿ ಇರುತ್ತೆ. ಮೊದಮೊದಲು ದುಡ್ಡು ಕಡಿಮೆ. ಓದು ಮುಗಿಸಿಯೇ ಬರಲಿ. ಕಲಿಯೋಕೆ ಜಾಗ ಬೇಕಾದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಶುರುವಾದ ಸಮುದಾಯ ಬಾನುಲಿ ಇದೆ, 90.4. ಒಂದು ಸಲ ಹೋಗಿ ವಿಚಾರಿಸಿ.

ಹುಡುಗರೇ, ಸುಮ್ನೆ ಕನ್ನಡಿ ಮುಂದೆ ನಿಂತು "ಹಲೋ ಹುಬ್ಬಳ್ಳೀ" ಅಂತ ಕೂಗಬೇಡಿ. ಬ್ಯಾಡಗಿಯವರಾದರೆ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ. ಗದಗದವರು ವೀರನಾರಾಯಣ ಗುಡಿಗೆ ಹೋಗಿ. ಹುಬ್ಬಳ್ಳಿಯವರು ಚಿಗರಿ ಬಸ್ಸಿನಲ್ಲಿ ಧಾರವಾಡದ ತನಕ ಕೂತು ಬನ್ನಿ. ಕಂಡದ್ದನ್ನು ಬರೆದು, ಫೋನಿನಲ್ಲಿ 40 ಸೆಕೆಂಡಿಗೆ ಹೇಳಿ ರೆಕಾರ್ಡ್ ಮಾಡಿ. 41 ಆದರೆ ಒಂದು ವಾಕ್ಯ ತೆಗೆಯಿರಿ. ಯಾವ ವಾಕ್ಯ ಅಂತ ನನಗೆ ಫೋನ್ ಮಾಡಿ ಕೇಳಬೇಡಿ, ನೀವೇ ಹುಡುಕಿ. ನಮಸ್ಕಾರ.